ನಿಮ್ಮ ತಪ್ಪನ್ನು ನೀವೂ ಹೊಟ್ಟೆಗೆ ಹಾಕಿಕೊಳ್ಳಿ

ಪ್ರಶ್ನೆ: ನನಗೆ 43 ವರ್ಷ. ಉಡುಪಿಯ ಸಹಕಾರಿ ಸಂಘವೊಂದಕ್ಕೆ ಗುಮಾಸ್ತೆಯಾಗಿ ಸೇರಿದವಳು ಎಂಟು ತಿಂಗಳ ಹಿಂದೆ ಶಾಖಾ ವ್ಯವಸ್ಥಾಪಕಿಯಾದೆ. ಠೇವಣಿದಾರರೊಬ್ಬರಿಗೆ ಹಳೆಯ ಬಡ್ಡಿದರವನ್ನೇ ಹೇಳಿದಳೆಂದು ಪಿಗ್ಮಿ ಸಂಗ್ರಹಿಸುವ ಹುಡುಗಿಯನ್ನು ಎಲ್ಲರೆದುರು ಗದರಿಸಿದೆ. ಸಂಜೆ ನೋಡಿದರೆ, ಹೊಸ ದರದ ಸುತ್ತೋಲೆಯನ್ನು ಸಿಬ್ಬಂದಿಗೆ ಕಳುಹಿಸಲು ಮರೆತವಳು ನಾನೇ. ಹನ್ನೊಂದು ದಿನಗಳಾದರೂ ಬಾಯಿ ಬಿಟ್ಟಿಲ್ಲ. ಹಿಂದಿನ ವ್ಯವಸ್ಥಾಪಕರು ಎಂದೂ ತಪ್ಪೊಪ್ಪಿಕೊಂಡವರಲ್ಲ. ಒಪ್ಪಿಕೊಂಡರೆ ಎಲ್ಲರೂ ತಲೆಯ ಮೇಲೆ ಕುಳಿತಾರೆಂಬ ಭಯ ನನಗೆ. ನಿದ್ದೆ ಬರುತ್ತಿಲ್ಲ, ಈ ಕುರ್ಚಿಗೆ ನಾನು ಯೋಗ್ಯಳಲ್ಲ ಎನಿಸುತ್ತದೆ. ಮಂಗಳೂರಿನ ತರಬೇತಿಯೊಂದರಲ್ಲಿ ‘ಮೊದಲು ನಿಮ್ಮನ್ನು ನೀವು ಪ್ರೀತಿಸಿ’ ಎಂದರು. ಅದು ಸ್ವಾರ್ಥವಲ್ಲವೇ?

ಉತ್ತರ: ಯಾರೂ ಕೇಳದೆಯೇ ಆ ಸಂಜೆ ನೀವು ಸುತ್ತೋಲೆಯನ್ನು ಹುಡುಕಿ ನೋಡಿದಿರಿ. ನಿಮ್ಮ ಯೋಗ್ಯತೆಯ ಬಗ್ಗೆ ನಾನು ಹೇಳಬೇಕಾದ ಬಹುಪಾಲು ಅದರಲ್ಲೇ ಇದೆ.

‘ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ’ ಎಂದು ನಾವು ಇತರರನ್ನು ಕೇಳಿಕೊಳ್ಳುತ್ತೇವೆ. ಇದೇ ಸುತ್ತೋಲೆಯನ್ನು ಸಹೋದ್ಯೋಗಿಯೊಬ್ಬರು ಮರೆತು, ಕಣ್ಣು ತುಂಬಿಕೊಂಡು ನಿಮ್ಮ ಬಳಿ ಬಂದಿದ್ದರೆ, ನೀವು ಅವರನ್ನು ಕೂರಿಸಿ, ಹೀಗಾಗುವುದುಂಟು, ಸರಿಪಡಿಸುವುದು ಹೇಗೆಂದು ನೋಡೋಣ ಎನ್ನುತ್ತಿದ್ದಿರಲ್ಲವೇ? ಆ ಮಾತನ್ನು ನಿಮಗೆ ನೀವೇ ಹೇಳಿಕೊಳ್ಳುವುದನ್ನು ನಾನು ಆತ್ಮಪ್ರೀತಿ ಎನ್ನುತ್ತೇನೆ. ಸ್ವಾರ್ಥಿಯಾದವರು ತಮ್ಮ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟಿ ಹಾಯಾಗಿ ಮಲಗುತ್ತಾರೆ. ನಿಮಗೆ ನಿದ್ದೆಯೇ ಇಲ್ಲ.

ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ 2003ರಲ್ಲಿ ತನ್ನ ಮೇಲೆ ತನಗಿರಬೇಕಾದ ಈ ಕರುಣೆಯನ್ನು ಮೂರು ಎಳೆಗಳಲ್ಲಿ ವಿವರಿಸಿದರು: ತನ್ನೊಡನೆ ದಯೆ, ಎಡವುವುದು ಮನುಷ್ಯರೆಲ್ಲರ ಪಾಡೆಂಬ ಅರಿವು, ನೋವನ್ನು ಹಿಗ್ಗಿಸದೆ, ಮುಚ್ಚಿಡದೆ ಇದ್ದಂತೆಯೇ ನೋಡುವ ಎಚ್ಚರ. ಇಂಥ ದಯೆಯಿಂದ ಮನಸ್ಸು ಸಡಿಲವಾದೀತು ಎಂದು ನೀವು ಅನುಮಾನಿಸಬಹುದು. ಆದರೆ ಜೂಲಿಯಾನಾ ಬ್ರೈನ್ಸ್ ಮತ್ತು ಸೆರೀನಾ ಚೆನ್ 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಠಿಣ ಪರೀಕ್ಷೆಯಲ್ಲಿ ಎಡವಿದ ಬಳಿಕ ತಮ್ಮ ಬಗ್ಗೆ ಕರುಣೆಯಿಂದ ಯೋಚಿಸಲು ಹೇಳಿಸಿಕೊಂಡ ವಿದ್ಯಾರ್ಥಿಗಳೇ ಮುಂದಿನ ಪರೀಕ್ಷೆಗೆ ಉಳಿದವರಿಗಿಂತ ಹೆಚ್ಚು ಹೊತ್ತು ಓದಿದರು. ಒಳಗಿನಿಂದ ಬೈಗುಳ ಬೀಳುವುದಿಲ್ಲವೆಂದು ತಿಳಿದ ಮನಸ್ಸು ತಪ್ಪಿನ ಹತ್ತಿರ ಹೋಗಿ ನೋಡಲು ಹೆದರುವುದಿಲ್ಲ. ನೀವು ಹನ್ನೊಂದು ದಿನ ಮೌನವಾಗಿದ್ದುದಕ್ಕೂ ಆ ಹೆದರಿಕೆಯೇ ಕಾರಣ ಎಂದು ನನಗೆ ತೋರುತ್ತದೆ. ಹಿಂದಿನವರ ಗತ್ತನ್ನು ನೀವು ಎರವಲು ತಂದದ್ದೂ ಅದಕ್ಕೇ ಇರಬೇಕು, ಅವರ ಗತ್ತಿನೊಳಗೆ ನಿಮ್ಮ ತಪ್ಪು ಯಾರಿಗೂ ಕಾಣುವುದಿಲ್ಲವಲ್ಲ.

ಈಗ ಆ ಹುಡುಗಿಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ನಿದ್ದೆಗಿಂತ ಅವಳಿಗಾದ ಅನ್ಯಾಯ ದೊಡ್ಡದು. 1928ರಲ್ಲಿ ಟಿ.ಎಂ.ಎ. ಪೈಯವರ ಬ್ಯಾಂಕು ಇದೇ ಉಡುಪಿಯಲ್ಲಿ ಪಿಗ್ಮಿಯನ್ನು ಆರಂಭಿಸಿದಂದಿನಿಂದ ಜನ ತಮ್ಮ ದಿನದ ಉಳಿತಾಯವನ್ನು ಒಪ್ಪಿಸುತ್ತ ಬಂದಿರುವುದು ಬಾಗಿಲಿಗೆ ಬರುವ ಒಂದು ಮುಖವನ್ನು ನಂಬಿ. ನಿಮ್ಮ ಸಂಘದ ಆ ಮುಖ ಅವಳದು. ಅವಳೇ ತಪ್ಪಿದಳೆಂದು ಕಚೇರಿಯವರು ಇಂದಿಗೂ ತಿಳಿದಿದ್ದಾರೆ. ಆದ್ದರಿಂದ ಏಕಾಂತದಲ್ಲಿ ಕ್ಷಮೆ ಕೇಳಿದರೆ ಸಾಲದು. ಎಲ್ಲರೆದುರು ಕಳೆದ ಮರ್ಯಾದೆಯನ್ನು ಎಲ್ಲರೆದುರೇ ಮರಳಿಸಬೇಕು. ಅವಳು ತಬ್ಬಿಬ್ಬಾಗದಂತೆ ಮೊದಲು ಅವಳೊಬ್ಬಳಿಗೇ ತಿಳಿಸಿ, ಅನಂತರ ಸಿಬ್ಬಂದಿಯ ಮುಂದೆ ಹೇಳಿ: ‘ಸುತ್ತೋಲೆ ಕಳುಹಿಸಲು ಮರೆತವಳು ನಾನು, ಇವಳ ತಪ್ಪೇನೂ ಇರಲಿಲ್ಲ, ಗದರಿಸಿದ್ದಕ್ಕೆ ಕ್ಷಮೆ ಕೇಳುತ್ತೇನೆ. ಇನ್ನು ಸುತ್ತೋಲೆ ಬಂದ ದಿನವೇ ಎಲ್ಲರೂ ಓದಿ ಸಹಿ ಹಾಕೋಣ.’ ಇಷ್ಟಕ್ಕೇ ನಿಲ್ಲಿಸಿ. ‘ನಾನು ಅಯೋಗ್ಯಳು’ ಎಂದು ಅಲ್ಲಿ ಅತ್ತರೆ, ನೊಂದವಳೇ ನಿಮ್ಮನ್ನು ಸಮಾಧಾನಪಡಿಸಬೇಕಾಗುತ್ತದೆ. ನಿಮ್ಮನ್ನು ನೀವು ಮೊದಲೇ ಸಂತೈಸಿಕೊಂಡು ಹೋಗಿ ಎನ್ನುವುದು ಇದಕ್ಕಾಗಿಯೇ.

ಒಬ್ಬಿಬ್ಬರು ಕೆಲವು ದಿನ ಸಲಿಗೆ ತೋರಬಹುದು, ಅದನ್ನು ಸಹಿಸಿಕೊಳ್ಳಿ. ಹೇಳಿದ ಮೇಲೂ ಒಂದೆರಡು ವಾರ ನಿದ್ದೆ ಮರಳದಿದ್ದರೆ ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ; ಕನ್ನಡದಲ್ಲೇ ಮಾತನಾಡಬಹುದು. ಹಳೆಯ ದರ ಕೇಳಿಸಿಕೊಂಡ ಠೇವಣಿದಾರರಿಗೂ ಅದೇ ದಿನ ಫೋನ್ ಮಾಡಿ, ತಪ್ಪು ಆ ಹುಡುಗಿಯದಲ್ಲ ಎಂಬುದನ್ನು ನಿಮ್ಮ ಬಾಯಿಂದಲೇ ತಿಳಿಸಿ.