ಅಪ್‌ಡೇಟ್‌ಗಳನ್ನು ಮೊದಲೇ ಸೇರಿಸಿದ ವಿಂಡೋಸ್ ಇನ್‌ಸ್ಟಾಲೇಷನ್ ಪೆನ್‌ಡ್ರೈವ್ ತಯಾರಿಸುವುದು ಹೇಗೆ?

ವಿಂಡೋಸ್‌ನಲ್ಲೇ ಇರುವ ಡಿಸ್ಮ್ ಎಂಬ ಕಮ್ಯಾಂಡ್‌ನಿಂದ ಇದು ಸಾಧ್ಯ. ವಿಂಡೋಸ್ ಇನ್‌ಸ್ಟಾಲೇಷನ್ ಡಿಸ್ಕನ್ನೇ ಒಂದು ಫೈಲಾಗಿಸಿದಂತಿರುವ ಐಎಸ್‌ಒ ಫೈಲಿನಲ್ಲಿರುವುದನ್ನೆಲ್ಲ ಹಾರ್ಡ್‌ಡಿಸ್ಕಿಗೆ ನಕಲಿಸಿಕೊಂಡು, ಸೋರ್ಸಸ್ ಫೋಲ್ಡರಿನ ಇನ್‌ಸ್ಟಾಲ್.ವಿಮ್ ಫೈಲನ್ನು ಖಾಲಿ ಫೋಲ್ಡರೊಂದರಲ್ಲಿ ಮೌಂಟ್ ಮಾಡಿ, ಅಂದರೆ ತಿದ್ದಲು ಬರುವಂತೆ ತೆರೆದು, ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್‌ನಿಂದ ಇಳಿಸಿಕೊಂಡ ಅಪ್‌ಡೇಟ್‌ಗಳನ್ನು ಅದಕ್ಕೆ ಸೇರಿಸಿ, ಬದಲಾವಣೆಗಳನ್ನು ಉಳಿಸಿ ಅನ್‌ಮೌಂಟ್ ಮಾಡಬೇಕು. ನಂತರ ಎಲ್ಲವನ್ನೂ ಬೂಟ್ ಆಗುವ ಪೆನ್‌ಡ್ರೈವ್‌ಗೆ ಹಾಕಬೇಕು.

ಇನ್‌ಸ್ಟಾಲ್ ಆದ ಮೇಲೆ ಸಿ ಡ್ರೈವಿನಲ್ಲಿ ಕಾಣುವ ವಿಂಡೋಸ್, ಯೂಸರ್ಸ್ ಮುಂತಾದ ಫೋಲ್ಡರುಗಳೇ ಆ ವಿಮ್ ಫೈಲಿನೊಳಗೆ ಒತ್ತಿ ಕೂರಿಸಿದಂತೆ ಸಿದ್ಧವಾಗಿದ್ದು, ಸೆಟಪ್ ಮುಖ್ಯವಾಗಿ ಅವನ್ನು ಡಿಸ್ಕಿನ ಮೇಲೆ ಬಿಚ್ಚಿ ಹರಡುವುದರಿಂದ, ಅಲ್ಲಿ ಒಮ್ಮೆ ಮಾಡಿದ ತಿದ್ದುಪಡಿ ಮುಂದಿನ ಪ್ರತಿ ಇನ್‌ಸ್ಟಾಲೇಷನ್‌ನಲ್ಲೂ ತಾನಾಗಿಯೇ ಬರುತ್ತದೆ.

ಹೋಮ್, ಪ್ರೊ ಆವೃತ್ತಿಗಳು ಒಂದೇ ಫೈಲಿನಲ್ಲಿದ್ದರೂ ಪ್ರತಿಯೊಂದನ್ನೂ ಪ್ರತ್ಯೇಕವಾಗಿಯೇ ತಿದ್ದಬೇಕು. ಇದನ್ನು ಮರೆಯಬೇಡಿ. ವಿಮ್ ಫೈಲು 4 ಜಿಬಿ ಮೀರಿದರೆ ಫ್ಯಾಟ್32 ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿದ ಪೆನ್‌ಡ್ರೈವ್ ಅದನ್ನು ಹಿಡಿಸಿಕೊಳ್ಳದು. ಆಗ ಡಿಸ್ಮ್‌ನಿಂದಲೇ ಅದನ್ನು ತುಂಡು ಮಾಡಿಕೊಳ್ಳಿ.