ಅಕ್ಕನಿಗೆ ಲೂಪಸ್ ಇದೆ. ಡಿಎನ್‌ಎ ಟೆಸ್ಟ್ ಮಾಡಿಸಿದರೆ ನನಗೂ ಬರುತ್ತಾ ಅಂತ ಗೊತ್ತಾಗುತ್ತಾ?

ಬೇಡ. ಆ ದುಡ್ಡು ಉಳಿಸಿಕೊಳ್ಳಿ.

ನನ್ನ ಅಕ್ಕನಿಗೂ ಲೂಪಸ್, ಅಂದರೆ ದೇಹದ ರೋಗನಿರೋಧಕ ಶಕ್ತಿ ದೇಹದ ಮೇಲೇ ತಿರುಗಿ ಬೀಳುವ ಕಾಯಿಲೆ. ಅವಳ ಕೆನ್ನೆ ಕೆಂಪಾಗಿ, ಬೆರಳ ಗಂಟು ಊದಿಕೊಂಡದ್ದನ್ನು ನೋಡಿ ನನಗೆ ಹೆದರಿಕೆ ಶುರುವಾಯಿತು. ಎಂಜಲು ತುಂಬಿಸಿ ಒಂದು ಕಂಪನಿಗೆ ಕೊರಿಯರ್ ಮಾಡಿದೆ. ಬಣ್ಣಬಣ್ಣದ ರಿಪೋರ್ಟ್ ಬಂತು. ಲೂಪಸ್ ಎದುರು ಹಸಿರು ಚುಕ್ಕೆ, 'ಅಪಾಯ ಕಡಿಮೆ'. ಅಮ್ಮ ತುಪ್ಪದ ದೀಪ ಹಚ್ಚಿದರು.

ನಾನು ಎಡವಿದ್ದು ಆ ಚುಕ್ಕೆಯನ್ನು ನಂಬಿ. ಅವರು ನೋಡಿದ್ದರಲ್ಲಿ ಮುಖ್ಯವಾದದ್ದು ಪಿಟಿಪಿಎನ್22 ಅನ್ನೋ ಜೀನಿನ ಒಂದು ಬದಲಾವಣೆ. ಯುರೋಪಿನವರಲ್ಲಿ ಅದು ಸಾಮಾನ್ಯ, ಅವರಲ್ಲಿ ಲೂಪಸ್ ಅಪಾಯವನ್ನೂ ಹೆಚ್ಚಿಸುತ್ತದೆ. ನಮ್ಮವರಲ್ಲಿ ಅದು ಇರೋದೇ ಅಪರೂಪ! ನಮ್ಮೂರ ಕೆರೆಯಲ್ಲಿ ತಿಮಿಂಗಿಲ ಇಲ್ಲ, ಧೈರ್ಯವಾಗಿ ಇಳಿಯಿರಿ ಅಂದ ಹಾಗಾಯಿತು. ಮೊಸಳೆ ಇದೆಯಾ ಅಂತ ಯಾರೂ ನೋಡಲಿಲ್ಲ. ರೋಗನಿರೋಧಕ ಶಕ್ತಿಗೆ ತನ್ನದು ಯಾವುದು, ಹೊರಗಿನದು ಯಾವುದು ಅಂತ ಗುರುತಿಸಲು ನೆರವಾಗುವ ಎಚ್‌ಎಲ್‌ಎ ಜೀನುಗಳದ್ದೂ ಇದೇ ಕಥೆ. ಯುರೋಪಿನವರಲ್ಲಿ ಲೂಪಸ್ ಜೊತೆ ಡಿಆರ್3 ಅನ್ನೋ ರೂಪ ಎದ್ದು ಕಂಡರೆ, ಏಷ್ಯಾದ ಹಲವು ಕಡೆ ಡಿಆರ್15. ಆಫ್ರಿಕಾ ಮೂಲದವರಲ್ಲಿ ಎಪಿಒಎಲ್1 ಜೀನಿನ ಕೆಲವು ರೂಪಗಳಿದ್ದರೆ, ಲೂಪಸ್ ಬಂದಾಗ ಕಿಡ್ನಿ ಬೇಗ ಕೈಕೊಡುತ್ತದೆ. ಇದೆಲ್ಲ ನಾನು ಓದಿದ್ದು ಆಮೇಲೆ, ಆಸ್ಪತ್ರೆ ಮಂಚದ ಮೇಲೆ.

ಯಾಕೆಂದರೆ ಅಷ್ಟರಲ್ಲಿ ಬೆಳಿಗ್ಗೆ ಕಮೋಡಿನಲ್ಲಿ ಸೋಪು ಕದಡಿದ ಹಾಗೆ ನೊರೆ ನಿಲ್ಲುತ್ತಿತ್ತು. ಸಂಜೆ ಸಾಕ್ಸ್ ಬಿಚ್ಚಿದರೆ ಕಾಲಿನಲ್ಲಿ ಆಳವಾದ ಗೆರೆ. ಆಫೀಸಿನಲ್ಲಿ ಕೂತು ಕೂತು ಅಂದುಕೊಂಡೆ. ರಿಪೋರ್ಟ್ ಹಸಿರಾಗಿತ್ತು ಅಲ್ವಾ! ಹೀಗೇ ಏಳು ತಿಂಗಳು. ಕೊನೆಗೆ ಅಕ್ಕನೇ ತನ್ನ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿತ್ತು. ಕಿಡ್ನಿಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಲೂಪಸ್ ನೆಫ್ರೈಟಿಸ್, ಅಂದರೆ ಲೂಪಸ್ ಕಿಡ್ನಿಗೂ ತಗುಲಿತ್ತು. ಮೊದಲೇ ಒಂದು ಯೂರಿನ್ ಟೆಸ್ಟ್ ಮಾಡಿಸಿದ್ದರೆ ಗೊತ್ತಾಗುತ್ತಿತ್ತು. ಆ ರಿಪೋರ್ಟಿಗೆ ಕೊಟ್ಟ ದುಡ್ಡಿನಲ್ಲಿ ಮನೆಮಂದಿಗೆಲ್ಲ ಮಾಡಿಸಬಹುದಿತ್ತು.

ಹಾಗಾದರೆ ಭಾರತೀಯರ ಜೀನ್ ನೋಡುವ ಟೆಸ್ಟ್ ಸಿಕ್ಕರೆ ಆಯಿತಾ ಅಂತ ಕೇಳಬೇಡಿ. 1992ರ ಅಮೆರಿಕದ ಅಧ್ಯಯನವೊಂದರಲ್ಲಿ, ಪೂರ್ತಿ ಒಂದೇ ಜೀನ್ ಇರುವ ಅವಳಿಗಳಲ್ಲೂ ಇಬ್ಬರಿಗೂ ಲೂಪಸ್ ಬಂದಿದ್ದು ಶೇ 24ರಷ್ಟು ಜೋಡಿಗಳಲ್ಲಿ ಮಾತ್ರ. ನಿಮ್ಮ ಹಾಗೆ ಅಕ್ಕನಿಗೆ ಬಂದವರಲ್ಲಿ ಹೆಚ್ಚಿನವರಿಗೆ ಬರುವುದೇ ಇಲ್ಲ. ನಮ್ಮ ಮನೆಯಲ್ಲಿ ಬಂತು, ಅಷ್ಟೇ.

ಸುಮ್ನೆ ಎಎನ್‌ಎ, ಅಂದರೆ ಲೂಪಸ್ ಅನುಮಾನ ಬಂದಾಗ ಮಾಡುವ ರಕ್ತಪರೀಕ್ಷೆ, ಅದನ್ನು ಮಾಡಿಸಲೂ ಹೋಗಬೇಡಿ. ಆರೋಗ್ಯವಾಗಿರುವ ಎಷ್ಟೋ ಜನರಿಗೆ ಅದು ಪಾಸಿಟಿವ್ ಬರುತ್ತದೆ, ನಿದ್ದೆ ಹಾಳು. ಆದರೆ ಬಿಸಿಲಿಗೆ ಹೋದರೆ ಮುಖದಲ್ಲಿ ಗಂದೆ, ಬಾಯಿಹುಣ್ಣು, ಗಂಟುನೋವು, ಮೂತ್ರದಲ್ಲಿ ನೊರೆ, ಇದರಲ್ಲಿ ಯಾವುದೇ ಕಂಡರೂ ಯೂರಿನ್, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ), ಬಿಪಿ ಮೂರನ್ನೂ ನೋಡಿಸಿ, ಗಂಟುನೋವು, ಲೂಪಸ್ ಥರದ ಕಾಯಿಲೆ ನೋಡುವ ರುಮಟಾಲಜಿಸ್ಟ್ ಹತ್ತಿರ ಹೋಗಿ. ಅಕ್ಕನ ವಿಷಯ ಮೊದಲೇ ಹೇಳಿ.

ಅಂದ ಹಾಗೆ, ನಿಮಗೆ ಈಗ ಏನಾದರೂ ಆಗುತ್ತಿದೆಯಾ, ಇಲ್ಲ ಬರೀ ಹೆದರಿಕೆಯಾ? ಅದನ್ನೇ ನೀವು ಬರೆದಿಲ್ಲ.