ಹಳೇ ಆಲ್ಟೋ ಸೀಟ್‌ಬೆಲ್ಟ್ ಸರಿಯಾಗಿ ಒಳಗೆ ಹೋಗ್ತಿಲ್ಲ, ಅಂಚು ಸವೆದಿದೆ, ರೇಸಿಂಗ್ ಹಾರ್ನೆಸ್ ಹಾಕ್ಸ್ಲಾ?

ನಿಧಾನಕ್ಕೆ ಒಳಗೆ ಹೋಗ್ತಿರೋದು ಬಹುಶಃ ಬೆವರು ಧೂಳಿನ ಜಿಡ್ಡಿಂದ, ಭುಜದ ಹತ್ರ ಇರೋ ಗೈಡಲ್ಲೂ ಕೂತಿರುತ್ತೆ. ಬೆಲ್ಟ್ ಪೂರ್ತಿ ಎಳೆದು, ವಾಪಸ್ ಒಳಗೆ ಹೋಗದಂತೆ ಕ್ಲಿಪ್ ಹಾಕಿ, ಸೋಪ್ ನೀರಲ್ಲಿ ಒರೆಸಿ, ಚೆನ್ನಾಗಿ ಒಣಗಿದ್ಮೇಲೆ ಬಿಡಿ, ಬ್ಲೀಚ್ ಬೇಡ. ಆದ್ರೆ ಅಂಚಲ್ಲಿ ನೂಲು ಎದ್ದಿದ್ರೆ ತೊಳೆದೂ ಪ್ರಯೋಜನ ಇಲ್ಲ, ಹೊಲಿಸಕ್ಕೂ ಹೋಗ್ಬೇಡಿ, ರಿಟ್ರಾಕ್ಟರ್ (ಬೆಲ್ಟ್ ಸುತ್ತಿಕೊಳ್ಳೋ ಭಾಗ) ಸಮೇತ ಹೊಸ ಒರಿಜಿನಲ್ ಸೆಟ್ಟೇ ಹಾಕ್ಸಿ, ಗುಜರಿದು ಬೇಡ, ಅದು ಆಕ್ಸಿಡೆಂಟ್ ಆದ ಗಾಡಿದೂ ಆಗಿರಬಹುದು. ನಿಮ್ಮ ಮಾಡೆಲಲ್ಲಿ ಪ್ರಿಟೆನ್ಷನರ್ (ಗುದ್ದಿದಾಗ ಬೆಲ್ಟನ್ನ ತಕ್ಷಣ ಬಿಗಿ ಮಾಡೋ ಭಾಗ) ಇದ್ಯಾ ಅಂತ ಮೊದಲು ಮ್ಯಾನ್ಯುಯಲ್ ನೋಡಿ, ಇದ್ರೆ ಅದರೊಳಗೆ ಸಿಡಿಯೋ ಮದ್ದಿರುತ್ತೆ, ನೀವೇ ಬಿಚ್ಬೇಡಿ. ಹಾರ್ನೆಸ್ ಆಸೆ ಬಿಟ್ಬಿಡಿ, ಅದಕ್ಕೆ ಬಕೆಟ್ ಸೀಟು, ಹಿಂದೆ ಗಟ್ಟಿ ಬಾರ್ ಎಲ್ಲಾ ಬೇಕು, ಮಾಮೂಲಿ ಸೀಟಿಗೆ 4 ಪಾಯಿಂಟಿಂದು, ಅಂದ್ರೆ ನಾಲ್ಕು ಕಡೆ ಬಿಗಿಯೋ ಹಾರ್ನೆಸ್ ಕಟ್ಟಿದ್ರೆ ಗುದ್ದಿದಾಗ ಸೊಂಟದ ಪಟ್ಟಿ ಹೊಟ್ಟೆ ಮೇಲೆ ಏರಬಹುದು. ಚಾಸಿಸ್ ನಂಬರ್ ಕೊಟ್ರೆ ಸ್ಪೇರ್ಸ್ ಕೌಂಟರಲ್ಲಿ ಸರಿಯಾದ ಬೆಲ್ಟ್ ಹುಡುಕಿಕೊಡ್ತಾರೆ.